ಮಧ್ಯಾಹ್ನ ಉಂಡ ಗಂಜಿ-ಮೀನು ಹೊಟ್ಟೆಯೊಳಗೆ ಏನಾಗುತ್ತದೆ? ‘ಗ್ಯಾಸ್ಟ್ರಿಕ್’ ಎಂದು ಸುಮ್ಮನಾಗುವ ಮುನ್ನ ಓದಿ

ನಂದಿಕೂರು: ಪಡುಬಿದ್ರಿ-ಕಾರ್ಕಳ ರಸ್ತೆ ಬದಿಯ ಅಂಗಡಿಯವರ ಊಟಕ್ಕೆ ಹೊತ್ತು ಗೊತ್ತು ಇರುವುದಿಲ್ಲ. ಗಿರಾಕಿ ಇದ್ದರೆ ಮಧ್ಯಾಹ್ನದ ಗಂಜಿ ಮೂರು ಗಂಟೆಗೆ. ಅಲ್ಲಿವರೆಗೆ ಚಾ, ಗೋಳಿಬಜೆಯೇ ಗತಿ. ಸಂಜೆ ಎದೆ ಉರಿ ಬಂದರೆ ಮೆಡಿಕಲ್‌ನಿಂದ ಒಂದು ಮಾತ್ರೆ. ಅಷ್ಟಕ್ಕೂ ಹೊಟ್ಟೆಯೊಳಗೆ ನಡೆಯುವುದೇನು? ಕುಚ್ಚಲಕ್ಕಿ ಗಂಜಿ, ಬಂಗುಡೆ ಪುಳಿಮುಂಚಿ, ಹರಿವೆ ಪಲ್ಯದ ಒಂದು ಊಟದ ಹಿಂದೆಯೇ ಹೋದರೆ ಗೊತ್ತಾಗುತ್ತದೆ.

ಬಾಯಿಯಲ್ಲೇ ಶುರು

ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಗಂಜಿಯ ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲು ಆರಂಭಿಸುತ್ತದೆ. ಅನ್ನವನ್ನು ತುಂಬ ಹೊತ್ತು ಜಗಿದರೆ ಸಿಹಿ ಅನಿಸುವುದು ಇದಕ್ಕೇ. ಗಬಗಬ ನುಂಗಿದರೆ ಅನ್ನದ ಜತೆ ಗಾಳಿಯೂ ಒಳಗೆ ಹೋಗುತ್ತದೆ. ಆಮೇಲೆ ತೇಗು, ಹೊಟ್ಟೆ ಉಬ್ಬರ.

ಜಠರದಲ್ಲಿ ಆಮ್ಲ

ಸುಮಾರು 25 ಸೆಂ.ಮೀ. ಉದ್ದದ ಅನ್ನನಾಳ ದಾಟಿದ ತುತ್ತು ಜಠರ ಸೇರುತ್ತದೆ. ಇಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಪೆಪ್ಸಿನ್ ಸೇರಿ ಬಂಗುಡೆಯ ಪ್ರೋಟೀನನ್ನು ಒಡೆಯುತ್ತವೆ. ಜಠರದ ಒಳಗೋಡೆಗೆ ಲೋಳೆಯ ಪದರ ಇರುವುದರಿಂದ ಈ ಆಮ್ಲ ಅದನ್ನು ಸುಡುವುದಿಲ್ಲ. ಅನ್ನನಾಳಕ್ಕೆ ಅಂತಹ ರಕ್ಷಣೆ ಇಲ್ಲ. ನಡುವಿನ ಬಿಗಿ ಸಡಿಲವಾಗಿ ಆಮ್ಲ ಮೇಲೆ ಬಂದರೆ ಅದೇ ಎದೆ ಉರಿ. ಎಣ್ಣೆ ತಿಂಡಿ ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ರಾತ್ರಿ ಅಂಗಡಿ ಮುಚ್ಚಿ, ಹೊಟ್ಟೆ ತುಂಬ ಉಂಡು ಕೂಡಲೇ ಮಲಗುವವರಿಗೆ ಉರಿ ಜಾಸ್ತಿ. ಊಟಕ್ಕೂ ಮಲಗುವುದಕ್ಕೂ ಎರಡು-ಮೂರು ಗಂಟೆ ಅಂತರ ಬೇಕು.

ನಿಜವಾದ ಕೆಲಸ ಸಣ್ಣ ಕರುಳಿನಲ್ಲಿ

ಸಣ್ಣ ಕರುಳಿನ ಉದ್ದ ಸುಮಾರು 6 ಮೀಟರ್. ಪುಳಿಮುಂಚಿಯ ತೆಂಗಿನೆಣ್ಣೆ, ಮೀನಿನ ಕೊಬ್ಬು ಯಕೃತ್ತಿನಿಂದ ಬರುವ ಪಿತ್ತರಸದಲ್ಲಿ ಸಣ್ಣ ಹನಿಗಳಾಗುತ್ತವೆ. ಮೇದೋಜೀರಕ ಗ್ರಂಥಿಯ ರಸ ಪಿಷ್ಟ, ಪ್ರೋಟೀನ್, ಕೊಬ್ಬು ಮೂರನ್ನೂ ಒಡೆಯುತ್ತದೆ. ಕರುಳಿನ ಒಳಗೆ ಮಖಮಲ್ ಬಟ್ಟೆಯಂತೆ ಎದ್ದಿರುವ ಲಕ್ಷಾಂತರ ಸಣ್ಣ ಎಳೆಗಳು ಸಾರವನ್ನು ಹೀರುತ್ತವೆ. ಸಕ್ಕರೆ, ಅಮೈನೋ ಆಮ್ಲ ರಕ್ತದ ಮೂಲಕ ಯಕೃತ್ತಿಗೆ ಹೋದರೆ, ಕೊಬ್ಬಿನ ಹೆಚ್ಚಿನ ಪಾಲು ದುಗ್ಧನಾಳಗಳ ದಾರಿ ಹಿಡಿಯುತ್ತದೆ.

ಭತ್ತವನ್ನು ಸಿಪ್ಪೆ ಸಹಿತ ಬೇಯಿಸುವಾಗ ತೌಡಿನ ಬಿ ವಿಟಮಿನ್ ಸ್ವಲ್ಪ ಅಕ್ಕಿಯೊಳಗೆ ಇಳಿಯುತ್ತದೆ. ಕುಚ್ಚಲಕ್ಕಿಯ ಲಾಭ ಅದು. ಆದರೂ ಪಿಷ್ಟ ಪಿಷ್ಟವೇ. ಶುಗರ್ ಇದ್ದವರು ಗಂಜಿಯೆಂದು ಅಳತೆ ಮೀರುವಂತಿಲ್ಲ.

ಉಳಿದದ್ದು ಸುಮಾರು ಒಂದೂವರೆ ಮೀಟರ್‌ನ ದೊಡ್ಡ ಕರುಳಿಗೆ. ಅಲ್ಲಿ ನೀರು ಹೀರಲ್ಪಡುತ್ತದೆ. ಹರಿವೆಯ ನಾರು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರ. ನಾರು, ನೀರು ಕಮ್ಮಿಯಾದರೆ ಮಲಬದ್ಧತೆ. ತಟ್ಟೆಯಿಂದ ಹೊರಹೋಗುವವರೆಗೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ.

ಯಾವಾಗ ಹೆದರಬೇಕು?

ಅಲ್ಸರ್‌ಗೆ ಮೆಣಸೇ ಕಾರಣ ಎಂಬ ನಂಬಿಕೆ ಊರಲ್ಲಿದೆ. ಮುಖ್ಯ ಕಾರಣಗಳು ಎರಡು: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆ. ಆ ಬ್ಯಾಕ್ಟೀರಿಯಾ ಕಂಡುಹಿಡಿದ ಬ್ಯಾರಿ ಮಾರ್ಷಲ್, ರಾಬಿನ್ ವಾರನ್‌ಗೆ 2005ರಲ್ಲಿ ನೊಬೆಲ್ ಬಂತು. ಸೊಂಟ ನೋವಿಗೆಂದು ಡೈಕ್ಲೋಫೆನಾಕ್‌ನಂತಹ ಮಾತ್ರೆಯನ್ನು ಚೀಟಿ ಇಲ್ಲದೆ ದಿನವೂ ನುಂಗುವುದು ಲೋಳೆಯ ಪದರಕ್ಕೇ ಪೆಟ್ಟು.

ಮಲ ಡಾಮರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ ವೈದ್ಯರಿಗೆ ತೋರಿಸಲು ತಡಮಾಡಬಾರದು.

ಎದೆ ಬಿಗಿತದ ಜತೆ ಬೆವರು, ಉಸಿರಾಟದ ತೊಂದರೆ, ಕೈ ಅಥವಾ ದವಡೆಗೆ ಹರಡುವ ನೋವಿದ್ದರೆ ಅದು ಹೃದಯಾಘಾತ ಇರಬಹುದು. ಆಗ ಸೋಡಾ ಕುಡಿದು ಕಾಯುವುದಲ್ಲ, ಶಟರ್ ಎಳೆಯಲೂ ನಿಲ್ಲದೆ 108ಕ್ಕೆ ಫೋನ್ ಮಾಡಬೇಕು.