ಒಂದೇ ಎಳೆ, ಹಲವು ಕೈ

ಮಗಳು ತೀರಿಕೊಂಡ ಮೇಲೆ ಆನ್ ಹುಡ್ ಅವರಿಗೆ ಅಕ್ಷರವೇ ಹತ್ತದಾಯಿತು. 2002ರಲ್ಲಿ, ಸ್ಟ್ರೆಪ್ ಸೋಂಕಿನ ಉಗ್ರ ರೂಪವೊಂದಕ್ಕೆ ಐದು ವರ್ಷದ ಕೂಸು ಹಠಾತ್ತನೆ ಬಲಿಯಾಗಿತ್ತು. ಗಗನಸಖಿಯ ಕೆಲಸ ಮಾಡಿ, 1987ರಲ್ಲಿ ಮೊದಲ ಕಾದಂಬರಿ ತಂದು, ಅಲ್ಲಿಂದ ಬರವಣಿಗೆಯನ್ನೇ ನೆಚ್ಚಿಕೊಂಡಿದ್ದ ಈ ಅಮೆರಿಕದ ಲೇಖಕಿಗೆ ಪುಸ್ತಕ ಹಿಡಿದರೆ ಓದಲಾಗುತ್ತಿರಲಿಲ್ಲ, ಲೇಖನಿ ಹಿಡಿದರೆ ಬರೆಯಲಾಗುತ್ತಿರಲಿಲ್ಲ. ಆಗ ಅವರು ಕಲಿತದ್ದು ಉಲ್ಲನ್ ಹೆಣಿಗೆ. ಬರವಣಿಗೆ ಮರಳಿ ಬಂದಾಗ ಹುಟ್ಟಿದ ಕಾದಂಬರಿಯೇ 2007ರಲ್ಲಿ ಪ್ರಕಟವಾದ ‘ದಿ ನಿಟ್ಟಿಂಗ್ ಸರ್ಕಲ್’.

ಕಾದಂಬರಿಯ ಮೇರಿ ಬ್ಯಾಕ್ಸ್‌ಟರ್ ಕೂಡ ಮಗಳನ್ನು ಕಳೆದುಕೊಂಡ ತಾಯಿ. ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಊರಿನಲ್ಲಿ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದವಳು. ಪುಟ್ಟ ಸ್ಟೆಲ್ಲಾ ಮೆನಿಂಜೈಟಿಸ್‌ನಿಂದ ತೀರಿಕೊಂಡ ಮೇಲೆ ಮೇರಿ ಮನೆಯೊಳಗೇ ಉಳಿಯುತ್ತಾಳೆ, ಗಂಡ ಹೆಂಡತಿಯ ನಡುವೆ ಮಾತು ಕಡಿಮೆಯಾಗುತ್ತದೆ. ದೂರದಲ್ಲಿರುವ, ಅಷ್ಟೇನೂ ಹೊಂದಿಕೆಯಿಲ್ಲದ ಅಮ್ಮ ಫೋನಿನಲ್ಲಿ ಹೇಳುವುದು ಒಂದೇ: ಹೆಣಿಗೆ ಕಲಿ. ಹಾಗೆ ಮೇರಿ, ಆಲಿಸ್ ಎಂಬ ಹಿರಿಯಾಕೆಯ ಉಲ್ಲನ್ ಅಂಗಡಿಯ ಮೆಟ್ಟಿಲು ಹತ್ತುತ್ತಾಳೆ. ಅಲ್ಲಿ ಕೂಡುವ ಬಳಗದಲ್ಲಿ ಸ್ಕಾರ್ಲೆಟ್, ಲುಲು, ಬೆತ್, ಹ್ಯಾರಿಯೆಟ್, ಎಲೆನ್ ಇದ್ದಾರೆ. ಒಬ್ಬೊಬ್ಬರೂ ಮೇರಿಗೆ ಹೊಸದೊಂದು ಹೆಣಿಗೆ ಕಲಿಸುತ್ತ ತಮ್ಮ ಕಥೆ ಹೇಳುತ್ತಾರೆ. ಪ್ರತಿ ಕಥೆಯ ಒಡಲಲ್ಲೂ ಒಂದು ನಷ್ಟವಿದೆ. ಅಮ್ಮನ ಆ ಸಲಹೆಯ ಹಿಂದೆ ಏನಿತ್ತೆಂಬುದು ಕೊನೆಯಲ್ಲಿ ತಿಳಿಯುತ್ತದೆ. ಅದನ್ನು ಓದುಗರೇ ಕಂಡುಕೊಳ್ಳಲಿ.

ಈ ಕಥೆಗೆ ಹೆಣಿಗೆಯೇ ಏಕೆ ಬೇಕಾಯಿತು? ಕಸುಬಿನ ಒಳಗುಟ್ಟು ತಿಳಿದರೆ ಉತ್ತರ ಅಲ್ಲೇ ಸಿಗುತ್ತದೆ. ನೇಯ್ಗೆಗೆ ಹಾಸು ಬೇಕು, ಹೊಕ್ಕು ಬೇಕು, ಮಗ್ಗ ಬೇಕು. ಹೆಣಿಗೆಗೆ ಎರಡು ಕಡ್ಡಿ, ಒಂದೇ ಎಳೆ ಸಾಕು. ಕಡ್ಡಿಯ ಮೇಲೆ ಸಾಲಾಗಿ ಕುಣಿಕೆ ಹಾಕಿ, ಪ್ರತಿ ಕುಣಿಕೆಯೊಳಗಿಂದ ಹೊಸ ಕುಣಿಕೆ ಎಳೆಯುತ್ತ ಹೋಗಬೇಕು. ಮೇಲಿನದು ನಿಲ್ಲುವುದು ಕೆಳಗಿನದರ ಆಸರೆಯಿಂದ, ಕೆಳಗಿನದು ಬಿಚ್ಚದಿರುವುದು ಮೇಲಿನದರ ಹಿಡಿತದಿಂದ. ಹೊಸ ಕುಣಿಕೆಯನ್ನು ನಮ್ಮ ಕಡೆಗೆ ಎಳೆದರೆ ನಿಟ್, ಆಚೆ ಕಡೆಗೆ ತಳ್ಳಿದರೆ ಪರ್ಲ್. ಮಗುವಿನ ಟೋಪಿಯಿಂದ ಹಿಡಿದು, ಉಂಗುರದೊಳಗೆ ತೂರಿಸಬಹುದಾದಷ್ಟು ನವುರಾದ ಶೆಟ್ಲೆಂಡ್ ದ್ವೀಪಗಳ ಶಾಲಿನವರೆಗೆ ಎಲ್ಲಕ್ಕೂ ಬುನಾದಿ ಈ ಎರಡೇ.

ತಪ್ಪಿದರೆ ಎಳೆಯ ತುದಿ ಹಿಡಿದು ಎಳೆಯಿರಿ, ಅಷ್ಟೂ ಬಿಚ್ಚಿಕೊಳ್ಳುತ್ತದೆ. ಕತ್ತರಿಸಿದ ಬಟ್ಟೆಗೆ ಈ ಭಾಗ್ಯವಿಲ್ಲ. ಹೆಣೆದದ್ದು ಹಾಳಾದರೂ ಉಲ್ಲನ್ ಹಾಳಾಗುವುದಿಲ್ಲ. ಅದೇ ನೂಲನ್ನು ಸುತ್ತಿ ಉಂಡೆ ಮಾಡಿ ಮತ್ತೆ ಮೊದಲ ಸಾಲು ಹಾಕಬಹುದು. ಬದುಕನ್ನು ಮತ್ತೆ ಶುರುಮಾಡಬೇಕಾದವರ ಕೈಗೆ ಇದಕ್ಕಿಂತ ಹಿತವಾದ ಕೆಲಸ ಯಾವುದಿದೆ!

ಇನ್ನೊಂದು ಗುಣ ಅದಕ್ಕೂ ದೊಡ್ಡದು. ಕೈ ಪಳಗಿದ ಮೇಲೆ ಹೆಣಿಗೆ ಬೇಡುವುದು ಕಣ್ಣು ಮತ್ತು ಬೆರಳನ್ನು ಮಾತ್ರ. ಕಿವಿ, ನಾಲಿಗೆ ಬಿಡುವಾಗಿರುತ್ತವೆ. ಎದುರು ಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಹೇಳಲಾಗದ ದುಃಖವನ್ನು ಕಡ್ಡಿಯ ಮೇಲೆ ಕಣ್ಣು ನೆಟ್ಟು ಹೇಳಬಹುದು. ಗಂಟಲು ಕಟ್ಟಿದರೆ ಸಾಲು ಎಣಿಸುತ್ತ ಸುಮ್ಮನಿರಬಹುದು. ಆ ಮೌನ ಯಾರಿಗೂ ಭಾರವಾಗದು, ಎಲ್ಲರ ಕೈಯೂ ಆಡುತ್ತಲೇ ಇರುತ್ತದೆ. ಕಾದಂಬರಿಯ ಶಕ್ತಿ ಇರುವುದು ಈ ಸೂಕ್ಷ್ಮವನ್ನು ಹಿಡಿದದ್ದರಲ್ಲಿ ಎಂದು ನಾನು ನಂಬಿದ್ದೇನೆ. ಸಾಂತ್ವನ ಹೇಳಲು ಮನೆಗೆ ಬರುವವರು ಮಾತು ಹುಡುಕುತ್ತಾರೆ. ಈ ಬಳಗ ಮೇರಿಗೆ ಮೊದಲು ಕೆಲಸ ಕೊಡುತ್ತದೆ, ಮಾತು ತಾನಾಗಿ ಹಿಂದೆ ಬರುತ್ತದೆ.

ಜೊತೆಗೆ ಕೂತು ಹೆಣೆಯುವ ರೂಢಿ ಹಳೆಯದು. ಮೊದಲ ಮಹಾಯುದ್ಧದ ಕಾಲದಲ್ಲಿ ರೆಡ್ ಕ್ರಾಸ್ ಕರೆಗೆ ಓಗೊಟ್ಟು ಅಮೆರಿಕದ ಊರೂರುಗಳಲ್ಲಿ ಜನ ಗುಂಪುಗೂಡಿ ಸೈನಿಕರಿಗೆ ಕಾಲುಚೀಲ, ಸ್ವೆಟರ್ ಹೆಣೆದಿದ್ದರು. ಕಾದಂಬರಿಯ ಅಂಗಡಿಯಲ್ಲಿ ಯುದ್ಧವಿಲ್ಲ. ಅಲ್ಲಿಗೆ ಬರುವ ಒಬ್ಬೊಬ್ಬರೂ ತಮ್ಮದೊಂದು ಹೋರಾಟವನ್ನು ಹೊತ್ತು ತಂದಿರುತ್ತಾರೆ.

ಓದಿ ಮುಗಿಸಿದವರಿಗೆ ಕಡ್ಡಿ ಹಿಡಿಯುವ ಆಸೆಯಾದರೆ ತಡಮಾಡಬೇಡಿ. ತುಸು ದಪ್ಪ ಎಳೆಯ, ತಿಳಿ ಬಣ್ಣದ ಉಲ್ಲನ್ ಕೊಳ್ಳಿ. ಕಪ್ಪು ನೂಲಿನಲ್ಲಿ ಕುಣಿಕೆ ಕಾಣುವುದು ಕಷ್ಟ. ಕಡ್ಡಿ ಕೊಳ್ಳುವಾಗ ನಂಬರ್ ನೋಡಿ. ಬ್ರಿಟಿಷ್ ಲೆಕ್ಕದ 8ನೇ ನಂಬರ್ ಎಂದರೆ 4 ಮಿಲಿಮೀಟರ್ ದಪ್ಪ, ನಂಬರ್ ಏರಿದಂತೆ ಕಡ್ಡಿ ಸಣ್ಣದಾಗುತ್ತದೆ. ಅಮೆರಿಕದ ಲೆಕ್ಕ ಇದಕ್ಕೆ ತಿರುವುಮುರುವು. 30 ಕುಣಿಕೆ ಹಾಕಿ, ಪ್ರತಿ ಸಾಲನ್ನೂ ನಿಟ್‌ನಲ್ಲೇ ಹೆಣೆಯುತ್ತ ಹೋದರೆ ಮಫ್ಲರ್ ಆಗುತ್ತದೆ. ಸಾಧ್ಯವಾದರೆ ಒಬ್ಬರೇ ಕೂರಬೇಡಿ.

ಯಾಕೆಂದರೆ ಕಲಿಯುವಾಗ ಒಂದಲ್ಲ ಒಂದು ಕುಣಿಕೆ ಕಡ್ಡಿಯಿಂದ ಜಾರುತ್ತದೆ. ಜಾರಿದ್ದು ಸಾಲಿನಿಂದ ಸಾಲಿಗೆ, ಏಣಿ ಇಳಿದ ಹಾಗೆ ಇಳಿಯುತ್ತದೆ. ಹೊಸಬರು ಗಾಬರಿಯಿಂದ ಹೆಣಿಗೆಯನ್ನು ಪಕ್ಕದವರ ಮಡಿಲಿಗೆ ಹಾಕುತ್ತಾರೆ. ಅವರು ತಮ್ಮದನ್ನು ಬದಿಗಿಟ್ಟು, ಕ್ರೋಶಾ ಕಡ್ಡಿಯಿಂದ ಆ ಕುಣಿಕೆಯನ್ನು ಒಂದೊಂದೇ ಮೆಟ್ಟಿಲು ಹತ್ತಿಸಿ, ಮತ್ತೆ ಸಾಲಿನಲ್ಲಿ ಕೂರಿಸಿ, ಹೆಣಿಗೆಯನ್ನು ಹಿಂದಕ್ಕೆ ಕೊಡುತ್ತಾರೆ.