ತಂತ್ರಾಂಶದ ಪಲ್ಲಟ, ಶ್ರುತಿಯ ರಕ್ಷಣೆ

ಹುಮನಾಬಾದದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಪದಗಳೂ, ಬಸವಕಲ್ಯಾಣದ ಸುತ್ತಣ ಗ್ರಾಮಗಳಲ್ಲಿ ವಚನ ತತ್ತ್ವಪದಗಳೂ ಇಂದಿಗೂ ಕೇಳಿಬರುತ್ತಿರುವಾಗ, ಮನ್ನಾಏಖೇಳ್ಳಿಯ ತರುಣನೊಬ್ಬನು ಆ ಗಾಯನವನ್ನು ಗಣಕದಲ್ಲಿ ಮುದ್ರಿಸಿಡಲು ತೊಡಗಿದನೆಂದರೆ, ಮೊದಲು ಕಲಿತ ತಂತ್ರಾಂಶವೊಂದನ್ನೇ ಕಡೆಯವರೆಗೂ ನೆಚ್ಚಿಕೊಂಡಿರುವುದು ಅವನಿಗೆ ಸಾಧ್ಯವಾಗಲಾರದು. 2002ರಲ್ಲಿ ಎಮ್ಯಾಜಿಕ್ ಕಂಪನಿಯನ್ನು ಕೊಂಡ ಆಪಲ್ ಸಂಸ್ಥೆಯು ಸಂಗೀತ ತಂತ್ರಾಂಶವಾದ ಲಾಜಿಕ್‌ನ ವಿಂಡೋಸ್ ಆವೃತ್ತಿಯನ್ನು ನಿಲ್ಲಿಸಿತು. 2017ರಲ್ಲಿ ಗಿಬ್ಸನ್ ಸಂಸ್ಥೆಯು ಅಂತಹುದೇ ತಂತ್ರಾಂಶವಾದ ಕೇಕ್‌ವಾಕ್‌ನ ಅಭಿವೃದ್ಧಿಯನ್ನು ಕೈಬಿಟ್ಟಿತು, ಮರುವರ್ಷ ಬ್ಯಾಂಡ್‌ಲ್ಯಾಬ್ ಅದನ್ನು ಎತ್ತಿಕೊಂಡಿತು.

ತಂತ್ರಾಂಶ ಬದಲಾದಾಗ ಬೆರಳಿನ ಅಭ್ಯಾಸವು ಕೆಲವೇ ವಾರಗಳಲ್ಲಿ ಹೊಸ ಕೀಲಿಗಳಿಗೆ ಒಗ್ಗಿಕೊಳ್ಳುತ್ತದೆ. ನಿಜವಾದ ಸಂಕಟ ಕಡತಗಳದು. 1983ರಿಂದ ಪ್ರಚಲಿತವಾದ ಮಿಡಿ ಪದ್ಧತಿಯು ಯಾವ ಸ್ವರ, ಯಾವ ಕ್ಷಣ, ಎಷ್ಟು ಒತ್ತು ಎಂಬುದನ್ನಷ್ಟೇ ಒಯ್ಯುವುದಲ್ಲದೆ ನಾದವನ್ನು ಒಯ್ಯಲಾರದು. ಆದಕಾರಣ ಹಳೆಯದನ್ನು ತೊರೆಯುವ ಮುನ್ನ ಕಂಠ, ಹಾರ್ಮೋನಿಯಂ, ತಬಲಾ, ಏಕತಾರಿಗಳನ್ನು ಒಂದೇ ಆರಂಭಬಿಂದುವಿನಿಂದ ಪ್ರತ್ಯೇಕ ವೇವ್ ಕಡತಗಳಾಗಿ ಹೊರತೆಗೆದಿಡತಕ್ಕದ್ದು. ಸೆಕೆಂಡಿಗೆ 44,100 ಮಾದರಿಗಳಲ್ಲಿ ಮುದ್ರಿತವಾದುದನ್ನು ಪರಿವರ್ತಿಸದೆ 48,000ದ ವೇಗದಲ್ಲಿ ನುಡಿಸಿದರೆ ಶ್ರುತಿಯು ಸುಮಾರು ಒಂದೂವರೆ ಸ್ವರಸ್ಥಾನ ಏರಿ, ವೃದ್ಧ ಗಾಯಕನ ಗಂಭೀರ ಕಂಠವು ಅಪರಿಚಿತವಾಗಿಬಿಡುತ್ತದೆ. ಏಬಲ್ಟನ್ ಲೈವ್‌ನಂತಹ ತಂತ್ರಾಂಶವು ದೀರ್ಘ ಮುದ್ರಣವನ್ನು ತನ್ನ ಲಯಕ್ಕೆ ತಾನೇ ಹಿಗ್ಗಿಸಿ ಕುಗ್ಗಿಸಲು ಯತ್ನಿಸುವುದುಂಟು. ತಾಳಮುಕ್ತವಾದ ಆಲಾಪಕ್ಕೆ ಇದು ಘೋರ ಅನ್ಯಾಯವೆಂದೇ ನನ್ನ ಮತ. ಆ ಸೌಲಭ್ಯವನ್ನು ಮೊದಲೇ ನಿಷ್ಕ್ರಿಯಗೊಳಿಸಿಡಬೇಕು.

ಕೈಯಲ್ಲಿರುವ ಕೆಲಸವನ್ನು ಹಳೆಯ ತಂತ್ರಾಂಶದಲ್ಲೇ ಮುಗಿಸಿರಿ. ಮುಗಿದ ಹಾಡೊಂದನ್ನು ಹೊಸದರಲ್ಲಿ ಮತ್ತೆ ಕಟ್ಟಿ ಕಲಿಯಿರಿ. ಮೂಲ ಮುದ್ರಣಗಳನ್ನು ಎರಡು ಕಡೆ ಜೋಪಾನವಾಗಿಡಿರಿ.