ಸಿಡಿ ಪ್ಲೇಯರ್: ದುಬಾರಿಯದ್ದೇ ಬೇಕಾ? ಕೊಳ್ಳುವ ಮೊದಲು ಇದನ್ನು ಓದಿ

ಸಿಡಿ ಕಾಲ ಮುಗಿಯಿತು ಅಂತ ಹಲವರು ಹೇಳುತ್ತಾರೆ. ಆದರೆ ಮನೆಯಲ್ಲಿ ಪೆಟ್ಟಿಗೆ ತುಂಬಾ ಸಿಡಿ ಇಟ್ಟುಕೊಂಡವರಿಗೆ ಒಳ್ಳೆಯ ಪ್ಲೇಯರ್ ಯಾವುದು ಎಂಬ ಪ್ರಶ್ನೆ ಈಗಲೂ ಇದೆ.

1982ರಲ್ಲಿ ಸೋನಿಯ ಸಿಡಿಪಿ-101 ಜಪಾನಿನಲ್ಲಿ ಮಾರಾಟಕ್ಕೆ ಬಂದಾಗಿನಿಂದ ಸಿಡಿಯ ಲೆಕ್ಕ ಬದಲಾಗಿಲ್ಲ: 16 ಬಿಟ್, ಸೆಕೆಂಡಿಗೆ 44,100 ಸ್ಯಾಂಪಲ್. ಅಗ್ಗದ ಪ್ಲೇಯರ್ ಓದುವುದೂ ಇದನ್ನೇ, ಲಕ್ಷದ್ದು ಓದುವುದೂ ಇದನ್ನೇ.

ಹಾಗಾದರೆ ವ್ಯತ್ಯಾಸ ಎಲ್ಲಿ?

ಲೇಸರ್‌ನಿಂದ ಡಿಸ್ಕ್ ಓದುವ ಭಾಗ ‘ಟ್ರಾನ್ಸ್‌ಪೋರ್ಟ್’. ಓದಿದ ಅಂಕಿಗಳನ್ನು ಆಂಪ್ಲಿಫೈಯರ್‌ಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವುದು ‘ಡ್ಯಾಕ್’.

* ಕೇಂಬ್ರಿಡ್ಜ್ ಆಡಿಯೋ ಸಿಎಕ್ಸ್‌ಸಿ: ಬರೀ ಟ್ರಾನ್ಸ್‌ಪೋರ್ಟ್. ಒಳ್ಳೆಯ ಡ್ಯಾಕ್ ಈಗಾಗಲೇ ಇರುವವರಿಗೆ ಸಾಕು. ಇಲ್ಲದವರು ಅದನ್ನು ಬೇರೆ ಕೊಳ್ಳಬೇಕು.
* ರೇಗಾ ಅಪೊಲೊ: ಎರಡೂ ಒಳಗೇ ಇದೆ. ಮುಚ್ಚಳ ಎತ್ತಿ ಡಿಸ್ಕ್ ಇಡಬೇಕಾದ್ದರಿಂದ ಮೇಲ್ಗಡೆ ಜಾಗ ಬಿಡಬೇಕು.
* ಮರಾಂಟ್ಜ್ ಎಸ್‌ಎ-10: ಸೂಪರ್ ಆಡಿಯೋ ಸಿಡಿಯನ್ನೂ ನುಡಿಸುತ್ತದೆ, ಕಂಪ್ಯೂಟರಿಗೂ ಜೋಡಿಸಬಹುದು. ಮೂರರಲ್ಲಿ ಇದೇ ದುಬಾರಿ. ಅಂಥ ಡಿಸ್ಕ್‌ಗಳೇ ಇಲ್ಲದಿದ್ದರೆ ಆ ಸೌಲಭ್ಯಕ್ಕೆ ಕೊಟ್ಟ ಹಣ ವ್ಯರ್ಥ.

ಅಂಗಡಿಯಲ್ಲಿ ಹೋಲಿಸುವಾಗ ಎರಡರ ವಾಲ್ಯೂಮ್ ಸಮ ಇರಲಿ. ಸ್ವಲ್ಪ ಜೋರಾಗಿ ಕೇಳಿಸಿದ್ದೇ ಕಿವಿಗೆ ‘ಉತ್ತಮ’ ಅನ್ನಿಸಿಬಿಡುತ್ತದೆ. ಲೇಸರ್ ಸವೆಯುವ ಭಾಗ; ಬದಲಿ ಸಿಗುತ್ತದಾ ಅಂತ ಮೊದಲೇ ಕೇಳಿ. ಅದು ಸಿಗದಿದ್ದರೆ ಲಕ್ಷದ ಪ್ಲೇಯರೂ ಶೋಕೇಸಿನ ಸಾಮಾನು.

ಇನ್ನೊಂದು ಮಾತು: ಸ್ಪೀಕರ್ ಸಾಧಾರಣದ್ದಾದರೆ ಹಣ ಮೊದಲು ಅಲ್ಲಿಗೆ ಹೋಗಲಿ. ಕಿವಿಗೆ ವ್ಯತ್ಯಾಸ ಹೆಚ್ಚು ಗೊತ್ತಾಗುವುದು ಅಲ್ಲೇ.